ಅಂಗಡಿಯ ಎರಡನೇ ಕೀಲಿಕೈ

"ಉಪ್ಪು ಕಮ್ಮಿ ಆಗಿದೆ ಅಂತ ನಿನ್ನ ಸೊಸೆಗೆ ಹೇಳಮ್ಮ," ಎಂದ ಕೀಲಿಕೈ ಮಾಡುವವನು. ಹೆಂಡತಿ ಕೂತಿದ್ದು ಕೈಚಾಚಿದರೆ ಸಿಗುವಷ್ಟು ದೂರದಲ್ಲಿ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನಿಮ್ಮ ಮಗನಿಗೆ ಗೊತ್ತಿದೆ ಎಂದು ಅವಳೂ ಅತ್ತೆಗೇ ಹೇಳಿದಳು. ಕೋರ್ಟಿನ ನೋಟಿಸು ಬಂದಾಗಿನಿಂದ ಆ ಮನೆಯ ಮಾತೆಲ್ಲ ಮುದುಕಿಯ ಮೂಲಕವೇ ಓಡಾಡುತ್ತಿತ್ತು. ಪಾಪ, ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಜಗಳ ಅಂಗಡಿಯದು. ಬಸ್ ನಿಲ್ದಾಣದ ಎದುರು, ಇಬ್ಬರು ಕೂತರೆ ಗಿರಾಕಿ ಹೊರಗೇ ನಿಲ್ಲಬೇಕಾದಷ್ಟು ಚಿಕ್ಕದು. ತನ್ನ ಅಪ್ಪ ಕೊಟ್ಟ ಜಾಗ ಮಾರಿ ದುಡ್ಡು ಸುರಿದವಳು ಹೆಂಡತಿ, ಅಂಗಡಿಯ ಪತ್ರದಲ್ಲಿ ಹೆಸರು ಮಾತ್ರ ಗಂಡನದು. ಆಗ ಅದು ತಪ್ಪು ಅಂತ ಅವಳಿಗೂ ಅನ್ನಿಸಿರಲಿಲ್ಲ. ಗಂಡನ ಪಕ್ಕ ಕೂತು ಕೆಲಸ ಕಲಿತಳು, ಅರ ಹಿಡಿದು ಕೀಲಿಕೈ ಉಜ್ಜುವುದರಲ್ಲಿ ಅವನಿಗಿಂತ ಒಂದು ಕೈ ಮೇಲೇ ಆದಳು. ಈಗ ನೋಡಿದರೆ ಅವನು ಅಂಗಡಿ ಮಾರಿ ಅಣ್ಣನ ಲಾರಿಗೆ ಹಣ ಹಾಕಲು ಮಾತಾಡಿ ಬಂದಿದ್ದ. ಕೇಳಿದ್ದಕ್ಕೆ, ಪತ್ರದಲ್ಲಿ ಹೆಸರು ಯಾರದಿದೆ ನೋಡಿಕೋ ಅಂದ. ನೋಡಿಕೊಂಡಳು. ಮಾರನೇ ದಿನ ವಕೀಲರ ಹತ್ತಿರ ಹೋದಳು.

ವಿಚ್ಛೇದನ ಬೇಕೇನಮ್ಮ ಎಂದು ವಕೀಲರು ಮೊದಲು ಕೇಳಿದರು. ಬೇಡ, ಅಂಗಡಿಯಲ್ಲಿ ನನ್ನ ಪಾಲು ಬೇಕು ಅಂದಳು. ಬೀದಿಯವರಿಗೆ ಇದು ಅರ್ಥವೇ ಆಗಲಿಲ್ಲ. ಗಂಡನ ಮೇಲೆ ಕೇಸು ಹಾಕಿ ಅದೇ ಗಂಡನಿಗೆ ಬಡಿಸುತ್ತಾಳಲ್ಲ ಎಂದು ಆಡಿಕೊಂಡರು.

"ಸಂಸಾರ ಬೇಕಾದವಳು ಕೋರ್ಟಿನ ಮೆಟ್ಟಿಲು ಹತ್ತುತ್ತಾಳೇನೇ?" ಎಂದಳು ಅತ್ತೆ.

"ಬಿಟ್ಟು ಹೋಗೋಳಾಗಿದ್ರೆ ಯಾವತ್ತೋ ಹೋಗಿರ್ತಿದ್ದೆ ಅತ್ತೆ. ಇಲ್ಲೇ ಇರಬೇಕು ಅಂತಲೇ ಕೇಳ್ತಿದ್ದೀನಿ."

ಅವನಿಗೂ ಸಂಕಟವಿತ್ತು. ಪಕ್ಕದಲ್ಲಿ ಕೂರಿಸಿ ಕೆಲಸ ಕಲಿಸಿದವನ ಮೇಲೇ ದಾವೆ ಹಾಕಿದಳಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲೇ ಅಂಗಡಿಗೆ ಹೊಸ ಬೀಗ ಜಡಿದ. ಅವಳು ಹೇಗೂ ತಂತಿ ಹಾಕಿ ತೆಗೆಯುತ್ತಾಳೆ, ತೆಗೆದ ಕೂಡಲೇ ಕಳ್ಳತನದ ದೂರು ಕೊಡೋಣ ಎಂದು ಕಾದ. ಅವಳು ದಿನಾ ಅದೇ ದಾರಿಯಲ್ಲಿ ಓಡಾಡಿದಳು. ಬೀಗ ಮುಟ್ಟಲಿಲ್ಲ.

ಕೊನೆಗೆ ಕೋರ್ಟಿನ ಆದೇಶ ಬಂತು. ದಾವೆ ತೀರುವವರೆಗೆ ಅಂಗಡಿ ಮಾರುವಂತಿಲ್ಲ, ಅವಳು ಕೆಲಸ ಮಾಡುವುದನ್ನು ತಡೆಯುವಂತಿಲ್ಲ. ಆದೇಶ ಹಿಡಿದು ಬಂದ ಕೋರ್ಟಿನ ಅಮೀನರ ಮುಂದೆ ಅವನು ಕೈಕಟ್ಟಿ ನಿಂತು, ಕೀಲಿಕೈ ಕಳೆದುಹೋಗಿದೆ ಅಂದ. ನೆರೆದ ಜನ ಕಿಸಕ್ಕನೆ ನಕ್ಕರು. ಅಮೀನರು ಬೆವರು ಒರೆಸಿಕೊಂಡು ಅವಳತ್ತ ತಿರುಗಿ, ನೀವೇ ತೆಗೆದುಬಿಡಮ್ಮ ಎಂದರು.

"ಬೀಗ ತೆಗೆಯೋಕೆ ನನಗೆ ಬರುತ್ತೆ ಸಾರ್. ಅದಕ್ಕೆ ಕೋರ್ಟಿಗೆ ಹೋಗಬೇಕಿರಲಿಲ್ಲ. ಹಾಕಿದವರೇ ತೆಗೀಲಿ."

ಅಷ್ಟು ಹೇಳಿ ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಿಸಿಲು ಏರಿತು. ಅಮೀನರು ಸುತ್ತಿಗೆ ತರಿಸುವ ಮಾತಾಡಿದರು. ಅವನು ಮುಖ ಗಂಟಿಕ್ಕಿಕೊಂಡೇ ನಿಂತಿದ್ದ. ಆಗ ಗುಂಪಿನ ಹಿಂದಿನಿಂದ ಮುದುಕಿ ಬಾಯಿಬಿಟ್ಟಳು. ಅಷ್ಟು ದಿನ ಬೇರೆಯವರ ಮಾತನ್ನೇ ಹೊತ್ತು ಸಾಕಾಗಿತ್ತೋ ಏನೋ.

"ಜೇಬಲ್ಲೇ ಇದೆಯಲ್ಲೋ. ತೆಗಿ."

ಅವನು ತಾಯಿಯನ್ನು ದುರುಗುಟ್ಟಿ ನೋಡಿದ. ಆಮೇಲೆ ಜೇಬಿಗೆ ಕೈ ಹಾಕಿದ.

ಮಧ್ಯಾಹ್ನದವರೆಗೂ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೆಲಸ ಮಾಡಿದರು. ಗಿರಾಕಿಗಳು ಖಾಲಿಯಾದ ಮೇಲೆ ಅವನು ಅಂಗಡಿಯ ಕೀಲಿಕೈ ನೋಡಿಕೊಂಡು ಇನ್ನೊಂದನ್ನು ಉಜ್ಜಿ, ಅವಳ ಮುಂದೆ ಬಿಸಾಕಿದ. ಅವಳು ಅದನ್ನು ಬೆಳಕಿಗೆ ಹಿಡಿದಳು. ಅತ್ತೆಗೆ ಹೇಳೋಣವೆಂದರೆ ಅತ್ತೆ ಆಗಲೇ ಮನೆಗೆ ಹೋಗಿದ್ದಳು.

"ಒಂದು ಹಲ್ಲು ಎತ್ತರ ಆಗಿದೆ ರೀ."

"ಕೇಸು ವಾಪಸ್ ತಗೋತೀಯಾ?"

"ಇಲ್ಲ. ಪತ್ರದಲ್ಲಿ ನನ್ನ ಹೆಸರು ಬರೋವರೆಗೂ ಇಲ್ಲ."

ಅವನು ಹಲ್ಲು ಕಡಿದ. ಆಮೇಲೆ ಅವಳತ್ತ ತಿರುಗದೆ ಕೈ ಮಾತ್ರ ಚಾಚಿದ.

"ಕೊಡು ಇಲ್ಲಿ," ಎಂದ. ಕೀಲಿಕೈ ಇಸಿದುಕೊಂಡು ಆ ಹಲ್ಲನ್ನು ಉಜ್ಜತೊಡಗಿದ.