ಗಿರಣಿ ಮನೆಯ ಕಂಪ್ಯೂಟರಿಗೆ ಉಸಿರು ಕಟ್ಟಿದ್ದು

ಚಿಗಟೇರಿಯ ಹಿಟ್ಟಿನ ಗಿರಣಿ ಬೆನಕಪ್ಪನ ಮನೆಯಲ್ಲಿ ಮಹಾನವಮಿ ಮುಗಿದ ಮರುದಿನದಿಂದ ಕಂಪ್ಯೂಟರ್ ಮುನಿಸಿಕೊಂಡು ಕೂತಿತು. ಹಾಕಿದರೆ ಹತ್ತು ನಿಮಿಷ ಓಡುತ್ತದೆ, ಆ ಹಳೆಯದು ಕಣ್ಣುಬಿಡುವುದಕ್ಕೇ ಅಷ್ಟು ಹೊತ್ತು ಬೇಕು, ಆಮೇಲೆ ಯಾರೋ ಸ್ವಿಚ್ ತೆಗೆದಂತೆ ಪಟ್ಟನೆ ಆರಿಹೋಗುತ್ತದೆ. ಕರೆಂಟು ಇದೆ, ಬಲ್ಬು ಉರಿಯುತ್ತಿದೆ, ಗೋಡೆಯಾಚೆ ಗಿರಣಿ ಗುರ್ರೆನ್ನುತ್ತಿದೆ. ಇದಕ್ಕೆ ಮಾತ್ರ ಏನೋ ಆಗಿದೆ.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಕಂಪ್ಯೂಟರ್ ಬೆನಕಪ್ಪನದಲ್ಲ, ಊರಿನ ಮಹಿಳಾ ಸಂಘದ್ದು. ಹರಪನಹಳ್ಳಿಯ ಒಂದು ಸಂಸ್ಥೆಯವರು ತಾವು ಬಳಸಿದ್ದನ್ನೇ ಒಂದು ಪ್ರಿಂಟರಿನ ಜೊತೆ ಕೊಟ್ಟಿದ್ದರು. ಸಂಘಕ್ಕೆ ಸ್ವಂತ ಕೋಣೆ ಇರಲಿಲ್ಲ. ಹಾಗಾಗಿ ಅದು ಗಿರಣಿಗೆ ಹೊಂದಿಕೊಂಡ ಕೋಣೆಯಲ್ಲಿ ಕೂತಿತ್ತು. ಬೆನಕಪ್ಪನ ಹೆಂಡತಿ ಅನ್ನದಾನಮ್ಮ ಸಂಘದ ಕಾರ್ಯದರ್ಶಿ. ಒಂದೊಂದೇ ಬೆರಳಿನಿಂದ ಕುಕ್ಕಿ ಕುಕ್ಕಿ ಟೈಪು ಕಲಿತ ಹೆಂಗಸು.

ಈಗ ಅವಳು ದಿನ ಎಣಿಸುವಂತಾಗಿತ್ತು. ಶುಕ್ರವಾರ ಹರಪನಹಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ. ತಿಂಗಳ ಹಿಂದೆ ಊರಿಗೆ ಬಂದ ಡಾಕ್ಟರು ನಲವತ್ತೊಂದು ಮಂದಿ ಮುದುಕ ಮುದುಕಿಯರನ್ನು ನೋಡಿ, ಯಾರಿಗೆ ಯಾವ ಕಣ್ಣು, ಬಿ.ಪಿ. ಎಷ್ಟು, ಸಕ್ಕರೆ ಎಷ್ಟು ಎಂದು ಚೀಟಿ ಬರೆದಿದ್ದರು. ಅನ್ನದಾನಮ್ಮ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಚೀಟಿಗಳನ್ನು ವಾಪಸ್ಸು ಹಂಚಿದಳು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಯಾರೂ ಚೀಟಿ ಜೋಪಾನ ಮಾಡಲಿಲ್ಲ. ಒಂದು ಒಲೆ ಹಚ್ಚಲು ಹೋಯಿತು, ಇನ್ನೊಂದು ಅಂಗಿಯ ಜೇಬಿನಲ್ಲೇ ತೊಳೆದುಹೋಯಿತು. ಪಟ್ಟಿ ತಂದರೆ ಮಾತ್ರ ಹಾಸಿಗೆ ಎಂದು ಶಿಬಿರದವರು ಹೇಳಿಬಿಟ್ಟಿದ್ದರು. ಮತ್ತೆ ಶಿಬಿರ ಬರುವುದು ಮುಂದಿನ ವರ್ಷ.

ಆ ನಲವತ್ತೊಂದರಲ್ಲಿ ಅನ್ನದಾನಮ್ಮನ ಅತ್ತೆ ಜಂಬಕ್ಕನೂ ಒಬ್ಬಳು. ಆಕೆ ಗೋಡೆ ಸವರಿಕೊಂಡು ಹಿತ್ತಲಿಗೆ ಹೋಗಿ ಬರುವುದನ್ನು ನೋಡಿದಾಗಲೆಲ್ಲ ಸೊಸೆ ಓಡಿಹೋಗಿ ಕೈ ಹಿಡಿಯುತ್ತಿದ್ದಳು.

ಬುಧವಾರ ಬೆನಕಪ್ಪ ತಾನೇ ಮುಂದಾದ. ಕಂಪ್ಯೂಟರಿನ ಟಿ.ವಿ.ಯನ್ನು, ಅಂದರೆ ಮಾನಿಟರನ್ನು, ದುಪ್ಪಟಿಯಲ್ಲಿ ಗಂಟು ಕಟ್ಟಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೊಟ್ಟೂರಿನ ಬಸ್ಸು ಹತ್ತಿದ. ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದ.

"ಏನಂದ್ರು ರಿಪೇರಿಯವ್ರು?" ಅನ್ನದಾನಮ್ಮ ಕೇಳಿದಳು.

"ಟಿ.ವಿ. ಚಲೋ ಐತಂತ. ಕಂಪ್ಯೂಟರ್ ಎಲ್ಲಿ ಬಿಟ್ಟು ಬಂದ್ರಿ ಅಂತ ನಕ್ಕ. ಡಬ್ಬಿ ಮನ್ಯಾಗೈತಿ ಅಂದೆ. ಹಂಗಾರ ಡಬ್ಬಿ ಸತ್ತೈತಿ, ಒಳಗಿಂದೆಲ್ಲ ಹೋದಂಗ, ಹೊಸದು ತಗೊಳ್ರಿ ಅಂದ. ನಾ ಮೊದ್ಲ ಹೇಳಿದ್ದೆ, ಇವೆಲ್ಲ ನಮ್ಮಂಥೋರಿಗಲ್ಲ ಅಂತ."

ಮೂಲೆಯಲ್ಲಿ ಕೂತಿದ್ದ ಜಂಬಕ್ಕ ದನಿ ಬಂದ ಕಡೆ ಮುಖ ತಿರುಗಿಸಿದಳು. "ನನ್ನ ಹೆಸರೂ ಹೋತೇನವ್ವ?"

ಅನ್ನದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸೀದಾ ಎಸ್‌ಟಿಡಿ ಬೂತಿಗೆ ಹೋಗಿ, ತನಗೆ ಟೈಪು ಕಲಿಸಿದ್ದ ಪುಷ್ಪಲತಾಗೆ ಫೋನು ಮಾಡಿದಳು. ಪುಷ್ಪಲತಾ ಹರಪನಹಳ್ಳಿಯಲ್ಲಿ ಕಂಪ್ಯೂಟರ್ ತರಬೇತಿ ನಡೆಸುವವಳು. ಗುರುವಾರ ಮೊದಲ ಬಸ್ಸಿಗೇ ಬಂದಿಳಿದಳು.

ಬಂದವಳು ಟಿ.ವಿ. ಕಡೆ ನೋಡಲೇ ಇಲ್ಲ. ಮೇಜಿನ ಕೆಳಗಿನ ಡಬ್ಬಿಯನ್ನೇ ನೋಡುತ್ತ ನಿಂತಳು. ಅದಕ್ಕೆ ಮೂರು ಎಳೆ ವಿಭೂತಿ, ಒಣಗಿದ ಚೆಂಡುಹೂವಿನ ಮಾಲೆ, ಮೇಲಿಂದ ಕೆಳಗಿನವರೆಗೆ ಒಂದು ದಪ್ಪ ಶಾಲು.

"ಶಾಲು ಯಾರು ಹೊಚ್ಚಿದ್ರಿ ಅಕ್ಕಾರ?"

"ನಾ ಹೊಚ್ಚೀನಿ," ಎಂದ ಬೆನಕಪ್ಪ. "ಗಿರಣಿಗೆ ಹೆಂಗ ಪೂಜಿ ಮಾಡ್ತೀವೋ ಇದಕ್ಕೂ ಹಂಗ ಮಾಡಿದ್ವಿ. ಹಿಟ್ಟು ಕೂರಬಾರ್ದಂತ ಮಠದಾಗ ನನಗ ಹೊಚ್ಚಿದ್ದ ಶಾಲು ತಗದು ಇದಕ್ಕ ಹೊಚ್ಚಿದೆ. ತಪ್ಪೇನೈತಿ?"

ಪುಷ್ಪಲತಾ ನಗಲಿಲ್ಲ. ಕಂಪ್ಯೂಟರ್ ಚಾಲೂ ಮಾಡಿ, ಅದು ಆರುವವರೆಗೆ ಕಾದಳು. ಆಮೇಲೆ, "ಅಕ್ಕಾರ, ಹಿಂದ ಕೈ ಇಟ್ಟು ನೋಡ್ರಿ," ಎಂದಳು.

ಅನ್ನದಾನಮ್ಮ ಶಾಲಿನೊಳಗೆ ಕೈ ತೂರಿಸಿದಳು. ಒಳಗೆ ಧಗಧಗ ಕಾದಿತ್ತು. ಮೂಗಿಗೆ ಬಡಿದ ವಾಸನೆ ಇಪ್ಪತ್ತು ವರ್ಷದಿಂದ ಗೊತ್ತಿದ್ದದ್ದು. "ಇದು ಮೋಟಾರ್ ಕಾದ ವಾಸನಿ," ಎಂದಳು.

"ಅಣ್ಣಾರ, ನಿಮ್ಮ ಮೋಟಾರಿಗೆ ಗೋಣಿಚೀಲ ಹೊಚ್ಚಿ ಜ್ವಾಳ ಬೀಸ್ತೀರೇನ್ರಿ?" ಪುಷ್ಪಲತಾ ಕೇಳಿದಳು.

"ಹುಚ್ಚರು ಬೀಸ್ಬೇಕು. ಗಾಳಿ ಆಡ್ಲಿಲ್ಲಂದ್ರ ಕಾಯಿಲ್ ಸುಟ್ಟು..." ಎಂದವನು ಅಲ್ಲಿಗೇ ನಿಂತ. ಶಾಲನ್ನು ನೋಡಿದ. ಮೆಲ್ಲಗೆ ಬಗ್ಗಿ ತಾನೇ ಅದನ್ನು ತೆಗೆದು ಹೆಗಲಿಗೆ ಹಾಕಿಕೊಂಡ.

"ಇದು ಸತ್ತಿಲ್ರಿ ಅಣ್ಣಾರ. ಸುಟ್ಟು ಹೋಗಬಾರ್ದಂತ ತಾನಾಗೇ ನಿಂತ್ಕೊಳ್ತೈತಿ," ಎಂದು ಪುಷ್ಪಲತಾ ಮೊದಲು ವೈರು ಕಿತ್ತಳು. ಡಬ್ಬಿ ತಣ್ಣಗಾಗಲು ಬಿಟ್ಟಳು. ಸ್ಕ್ರೂಡ್ರೈವರನ್ನು ಅನ್ನದಾನಮ್ಮನ ಕೈಗೇ ಕೊಟ್ಟಳು.

"ನಾನಾ? ಬ್ಯಾಡವ್ವ, ಏನರ ಹೆಚ್ಚುಕಮ್ಮಿ ಆದ್ರ?"

"ವೈರ್ ಕಿತ್ತೀವಲ್ರಿ. ನಾಕು ಸ್ಕ್ರೂ ಅಷ್ಟ. ಆದ್ರ ಟಿ.ವಿ. ಮಾತ್ರ ಯಾವತ್ತೂ ಬಿಚ್ಚಬ್ಯಾಡ್ರಿ, ವೈರ್ ಕಿತ್ತಮ್ಯಾಲೂ ಅದರಾಗ ಶಾಕ್ ಇರ್ತೈತಿ."

ಮುಚ್ಚಳ ಕಳಚಿತು. ಒಳಗೆಲ್ಲ ಬೆಳ್ಳಗೆ ಜೋಳದ ಹಿಟ್ಟು. ಸಣ್ಣ ಫ್ಯಾನಿನ ರೆಕ್ಕೆಗಳಲ್ಲಿ ಮೆತ್ತಿಕೊಂಡು ಗಟ್ಟಿಯಾಗಿತ್ತು. ಬೆನಕಪ್ಪ ಇಣುಕಿ, "ಎರಡು ರೊಟ್ಟಿಗಾಗ್ತೈತಲ್ಲ," ಎಂದ. ಜಂಬಕ್ಕನಿಗೂ ನಗು ಬಂತು.

ಪುಷ್ಪಲತಾ ಒಂದೊಂದನ್ನೇ ಮುಟ್ಟದೆ ತೋರಿಸಿದಳು. "ಟಿ.ವಿ. ಬರೇ ತೋರ್ಸಾದು. ಕೆಲಸ ಮಾಡಾದು ಈ ಫ್ಯಾನಿನ ಕೆಳಗಿರೋ ಸಣ್ಣ ಚೌಕದ ಬಿಲ್ಲಿ, ಪ್ರೊಸೆಸರ್ ಅಂತಾರ. ಕಾಯಾದೂ ಅದ. ನೀವು ಬರೆದು ಸೇವ್ ಮಾಡಿದ್ದು ಉಳಿಯಾದು ಇಲ್ಲಿ, ಈ ಲೋಹದ ಪೆಟ್ಟಿಗಿ ಒಳಗ. ಹಾರ್ಡ್ ಡಿಸ್ಕ್. ಮನಿ ದೀಪ ಆರಿದ್ರ ನೆಲದಾಗಿನ ಹಗೇವಿನಾಗ ತುಂಬಿಟ್ಟ ಜ್ವಾಳ ಎಲ್ಲಿಗೆ ಹೋಗ್ತೈತ್ರಿ? ಅಲ್ಲೇ ಇರ್ತೈತಿ."

"ಅಂದ್ರ ಪಟ್ಟಿ ಐತೇನ?" ಅನ್ನದಾನಮ್ಮ ಕೇಳಿದಳು.

"ಸೇವ್ ಮಾಡಿದ್ರ ಐತಿ."

"ಮಾಡೀನಿ. ಒಂದೊಂದು ಹೆಸರಿಗೂ ಮಾಡೀನಿ."

ಒಂದು ಹೊಸ ಒಣ ಬ್ರಶ್ಶು ತಂದರು. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ರೆಕ್ಕೆ ರೆಕ್ಕೆಯನ್ನೂ ಅನ್ನದಾನಮ್ಮನೇ ಗುಡಿಸಿದಳು. ಒದ್ದೆ ಬಟ್ಟೆ ತರಲು ಎದ್ದ ಬೆನಕಪ್ಪನನ್ನು ಪುಷ್ಪಲತಾ ಕೂರಿಸಿದಳು. ಒಳಗೆ ನೀರಿನ ಪಸೆ ಹೋಗಬಾರದು. ಮುಚ್ಚಳ ಹಾಕಿ, ಡಬ್ಬಿಯನ್ನು ಗಿರಣಿಯಿಂದ ದೂರ ಪಡಸಾಲೆಗೆ ಒಯ್ದು, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟರು.

ಅನ್ನದಾನಮ್ಮ ಬಟನ್ ಒತ್ತಿದಳು. ಹತ್ತು ನಿಮಿಷವಾಯಿತು. ಹದಿನೈದಾಯಿತು, ಅರ್ಧ ಗಂಟೆಯಾಯಿತು. ಕಂಪ್ಯೂಟರ್ ತಣ್ಣಗೆ ಓಡುತ್ತಲೇ ಇತ್ತು. ಪ್ರಿಂಟರು ಕರಕರ ಸದ್ದು ಮಾಡುತ್ತ ಕಾಗದ ಉಗುಳತೊಡಗಿದಾಗ ಅನ್ನದಾನಮ್ಮ ಬಗ್ಗಿ ಜೋರಾಗಿ ಓದಿದಳು. "ಹದಿನಾಲ್ಕು. ಜಂಬಕ್ಕ. ಎಡಗಣ್ಣು." ಮುದುಕಿ ಸೊಸೆಯ ಕೈ ತಡಕಿ ಹಿಡಿದು ಕಣ್ಣಿಗೊತ್ತಿಕೊಂಡಳು. ಅನ್ನದಾನಮ್ಮನಿಗೆ ಆ ಗಳಿಗೆಯಲ್ಲಿ ಆದ ಸಂತೋಷ ಇಷ್ಟೇ ಅಂತ ಹೇಳಲಾಗದು.

ಪಟ್ಟಿಯನ್ನು ಎರಡು ಫ್ಲಾಪಿಗೂ ಹಾಕಿದರು. ಒಂದು ಟ್ರಂಕಿನಲ್ಲಿ, ಒಂದು ಪುಷ್ಪಲತಾಳ ಬಳಿ. ಶುಕ್ರವಾರ ಬೆಳಗ್ಗೆ ಬೆನಕಪ್ಪ ಗಿರಣಿ ಬಂದ್ ಮಾಡಿ, ನಲವತ್ತೊಂದು ಮಂದಿಯನ್ನೂ ಕೈಹಿಡಿದು ಟೆಂಪೋ ಹತ್ತಿಸಿದ. "ಪಟ್ಟಿ ಯಾರು ಮಾಡಿದ್ದು?" ಎಂದು ಶಿಬಿರದಲ್ಲಿ ಕೇಳಿದವರಿಗೆಲ್ಲ, "ನಮ್ಮಾಕಿ. ಡಬ್ಬಿ ಬಿಚ್ಚಿ ರಿಪೇರಿನೂ ಆಕಿನ ಮಾಡಿದ್ದು," ಎಂದು ಎದೆಯುಬ್ಬಿಸಿ ಹೇಳಿದ. ಎಂಟು ದಿನದ ಮೇಲೆ ಜಂಬಕ್ಕ ಮೊದಲ ಬಾರಿಗೆ ಕಂಪ್ಯೂಟರನ್ನು ಕಣ್ಣಾರೆ ನೋಡಿ, "ಇಷ್ಟು ಸಣ್ಣದಕ್ಕ ಅಷ್ಟು ಗದ್ಲ ಮಾಡಿದ್ರೇನು?" ಎಂದಳು. ಮುಂದೆ ಹರಪನಹಳ್ಳಿ ಕಡೆಯದೇ ಆದ ಅರಸೀಕೆರೆ ಹಳ್ಳಿಯ ಸಂಘದ ಕಂಪ್ಯೂಟರ್ ನಿಂತಾಗ ಅವರು ಕರೆಸಿದ್ದು ಅನ್ನದಾನಮ್ಮನನ್ನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಸಂಘದಲ್ಲೋ ಶಾಲೆಯಲ್ಲೋ ಕಂಪ್ಯೂಟರ್ ನಿಂತುಹೋದರೆ, ಎಲ್ಲ ಹೋಯಿತು ಎನ್ನುವವರ ಮಾತಿಗೆ ತಟ್ಟನೆ ತಲೆಯಾಡಿಸಬೇಡಿ. ಗೊತ್ತಿದ್ದವರನ್ನು ಕರೆಸಿ, ಯಾವ ಭಾಗ ಏನು ಮಾಡುತ್ತದೆಂದು ಕೇಳಿ ತಿಳಿಯಿರಿ. ಬೇಕಾದದ್ದನ್ನು ಸೇವ್ ಮಾಡಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಪೂಜೆ ಮಾಡಿ, ಯಾರು ಬೇಡವೆಂದರು. ಆದರೆ ಅದರ ಕಿಂಡಿಗಳನ್ನು ಮುಚ್ಚಬೇಡಿ. ನಾಳೆಗೆ ತಳ್ಳದೆ ಈಗಲೇ ಎದ್ದು ಹೋಗಿ, ಓಡುತ್ತಿರುವ ಕಂಪ್ಯೂಟರಿನ ಬೆನ್ನಿನ ಬಳಿ ಅಂಗೈ ಹಿಡಿದು ನೋಡಿ. ಗಾಳಿ ಹೊರಗೆ ಬರುತ್ತಿದೆಯೇ?