ಔಡಲೆಣ್ಣಿ ಕಲ್ಯಾಣಪ್ಪ

ತೆಂಗಿನ ನಾರಿನಿಂದ ಗುರುಶಾಂತಮ್ಮ ಚೈನಿನ ಸಂದುಗಳನ್ನು ತಿಕ್ಕುತ್ತಿದ್ದಳು. ಒಂದು ಕೊಂಡಿ ತಿಕ್ಕಿ, ಪರಾತದೊಳಗಿನ ಸೀಮೆಎಣ್ಣೆಯಲ್ಲಿ ಅದ್ದಿ, ಮುಂದಿನ ಕೊಂಡಿಗೆ ಹೋಗುತ್ತಿದ್ದಳು. ಕರಿ ಮಣ್ಣು ಎಣ್ಣೆಯಲ್ಲಿ ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು.

ಒಳಗಿನಿಂದ ಗಂಡನ ಅಕ್ಕ ಸುಭದ್ರಾಬಾಯಿ ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಅವಳ ಧ್ವನಿ ಒಡೆದಿತ್ತು.

"ಗಂಡನ್ನ ಗ್ವಾಡಿಗಿ ಆನಿಸಿ ಕುಂದ್ರಿಸ್ಯಾರ, ಇಕಿ ಇಲ್ಲಿ ಚೈನು ತೊಳೀಲಾಕತ್ತಾಳ. ಏಳ ಬೇ, ಮಂದಿ ಏನಂದಾರು?"

"ಚೈನು ಹಾಕಲಾರದ ಫಟಫಟಿ ಹೊಂಡಂಗಿಲ್ರಿ ಅಕ್ಕಾ. ಫಟಫಟಿ ಹೋಗಲಾರದ ಅಯ್ಯನವರು ಬರಂಗಿಲ್ಲ. ಅಯ್ಯನವರು ಬರಲಾರದ ಮಣ್ಣ ಹ್ಯಾಂಗ ಕೊಡ್ತೀರಿ?"

ಮಣ್ಣಿನ ವಿಧಿ ಮಾಡಿಸುವ ಜಂಗಮ ಅಯ್ಯನವರು ಇದ್ದದ್ದು ಮಾದನಹಿಪ್ಪರಗಾದಲ್ಲಿ. ಎತ್ತಿನ ಗಾಡಿ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗೀತು. ಹಿರೋಳ್ಳಿಯಲ್ಲಿ ಇದ್ದದ್ದು ಒಂದೇ ಫಟಫಟಿ ಮೋಟಾರು ಸೈಕಲ್ಲು, ಹತ್ತಿ ವ್ಯಾಪಾರದ ಅಂಬಾರಾಯ ಸಾವಕಾರರದು. ಅದು ಊರಿಗೆ ಬಂದ ದಿನದಿಂದ ಅದರ ಕೂಸಿನಂಥ ಆರೈಕೆಯೆಲ್ಲ ಗುರುಶಾಂತಮ್ಮನ ಗಂಡ ಕಲ್ಯಾಣಪ್ಪನದೇ. ನಿನ್ನೆ ಸಂಜೆ ಚೈನು ಬಿಚ್ಚಿ ಇದೇ ಪರಾತದಲ್ಲಿ ನೆನೆಯಿಟ್ಟು ಉಂಡು ಮಲಗಿದವನು, ನಸುಕಿನಲ್ಲಿ ಎದೆ ಹಿಡಿದುಕೊಂಡು ನೀರು ಕೇಳಿದ. ಅವಳು ನೀರು ತರುವಷ್ಟರಲ್ಲಿ ಮುಗಿದಿತ್ತು.

"ಅದಿರಲಿ," ಎಂದಳು ಸುಭದ್ರಾಬಾಯಿ, ಸೆರಗಿನೊಳಗಿಂದ ಒಂದು ಅಂಚೆ ಕಾರ್ಡು ತೆಗೆದು. "ವಿಭೂತಿ ತಗೋಳಾಕ ಹೋದ್ರ ಗೂಡಿನ್ಯಾಗ ಇದು ಸಿಕ್ತು. ಯಾರಿಗೆ ಬರಸಿದ್ದು?"

"ಚಂದ್ರಾಮಗ. ಸೋಲಾಪುರಕ್ಕ."

"ಅದನ್ನ ಒಲಿಗಿ ಹಾಕು. ಅಂವನ್ನ ಕರಸೂ ವಿಚಾರ ಮಾಡಬ್ಯಾಡ. ನನಗೂ ತಮ್ಮನೇ ಅಂವ, ಹೊಟ್ಟಿ ಉರೀತದ. ಆದ್ರ ಹೊಸ್ತಿಲಾ ತುಳೀಬ್ಯಾಡ ಅಂತ ಕಲ್ಯಾಣಿ ತನ್ನ ಬಾಯಿಲೇ ಅಂದಾನ. ಇದ್ದಾಗಿನ ಮಾತು ಒಂದು, ಸತ್ತವನ ಮಾತು ಒಂದು. ಸತ್ತವನ ಮಾತು ಮೀರಬಾರದು."

ಗುರುಶಾಂತಮ್ಮ ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು ಕಾರ್ಡನ್ನು ಇಸಿದುಕೊಂಡಳು. ನಡುವಿಗೆ ಸಿಕ್ಕಿಸಿಕೊಂಡು ಮತ್ತೆ ನಾರು ಹಿಡಿದಳು.

*

ಅವಳು ಮದುವೆಯಾಗಿ ಬಂದಾಗ ಮೈದುನ ಚಂದ್ರಾಮಪ್ಪನಿಗೆ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ತಾಯಿಯಿಲ್ಲದ ಹುಡುಗ. 'ವೈನಿ, ವೈನಿ' ಎಂದು ಅತ್ತಿಗೆಯ ಸೆರಗು ಹಿಡಿದೇ ಬೆಳೆದ. ಅವಳಿಗೂ ಹೊಟ್ಟೆಯಲ್ಲಿ ಹುಟ್ಟಿದ ಮಗು ಅಂತ ಬೇರೆ ಇರಲಿಲ್ಲ.

ಮಹಾಯುದ್ಧದ ಲಡಾಯಿಗೆ ಇನ್ನೂ ಮುಂಚೆ, ಸೋಲಾಪುರದ ಒಂದು ಕಾರಖಾನೆಯಲ್ಲಿ ಕೆಲ ಕಾಲ ಕೆಲಸ ಕಲಿತು ಬಂದ ಚಂದ್ರಾಮ, ಅಣ್ಣ ಹೊಲಕ್ಕೆ ಹೋದದ್ದು ನೋಡಿ ಫಟಫಟಿಯ ಚೈನು ಬಿಚ್ಚಿದ. ಹೋಳಿಗೆಯ ಹೂರಣ ಕುದಿಸುವ ಕಡಾಯಿಯನ್ನೇ ಒಲೆಗೇರಿಸಿ ಏನೋ ಕರಗಿಸಿ, ಅದಕ್ಕೆ ಕರಿಪುಡಿ ಕಲಸಿ, ಚೈನನ್ನು ಹಾವಿನಂತೆ ಸುತ್ತಿ ಅದರೊಳಗೆ ಇಳಿಬಿಟ್ಟ. ವಾಸನೆಗೆ ಗುರುಶಾಂತಮ್ಮ ಮೂಗು ಮುಚ್ಚಿಕೊಂಡು ಓಡಿ ಬರುವುದಕ್ಕೂ ಕಲ್ಯಾಣಪ್ಪ ಒಳಗೆ ಕಾಲಿಡುವುದಕ್ಕೂ ಸರಿಯಾಯಿತು.

"ಯಾತರದಲೇ ಇದು?"

"ಕೊಬ್ಬು, ಅಣ್ಣಾ. ನಮ್ಮೂರ ನಿಜಾಮುದ್ದೀನಣ್ಣ ಕೊಟ್ಟ. ಸೋಲಾಪುರದಾಗ ಎಲ್ಲಾ ಫಟಫಟಿಗೂ ಇದೇ ಹಾಕ್ತಾರ."

ಚೈನಿಗೆ ಹರಳೆಣ್ಣೆ ಮಾತ್ರ ಹಚ್ಚುತ್ತಿದ್ದ ಕಲ್ಯಾಣಪ್ಪ, ಕಡಾಯಿಯನ್ನು ಚೈನು ಸಮೇತ ಬೀದಿಗೆ ಒಗೆದ.

"ಲಿಂಗ ಕಟ್ಟಿದ ಮನ್ಯಾಗ, ಅದೂ ಹೋಳಗಿ ಕಡಾಯ್ಯಾಗ! ನಾನು ಔಡಲೆಣ್ಣಿ ಬಿಟ್ಟು ಬ್ಯಾರೆ ಮುಟ್ಟಿಲ್ಲ, ಮುಟ್ಟೂದೂ ಇಲ್ಲ."

"ಔಡಲೆಣ್ಣಿಗಿ ಮಣ್ಣು ಹಿಡೀತದಣ್ಣಾ. ಹಿಡಿದ ಮಣ್ಣು ಚೈನಾ ತಿಂತದ. ಒಂದಿನ ಕಡದು ಬೀಳ್ತದ, ನೋಡ್ತಿರು."

"ಕಡದು ಬಿದ್ದಾಗ ಬಾ! ಅಲ್ಲೀತನಾ ಈ ಹೊಸ್ತಿಲಾ ತುಳೀಬ್ಯಾಡ."

ಸಿಟ್ಟಿನ ಮಾತು, ಸಂಜೆಗೆ ತಣ್ಣಗಾದೀತು ಎಂದುಕೊಂಡಳು ಅವಳು. ಸಂಜೆಗೆ ಹುಡುಗ ಸಂಸ್ಥಾನದ ಸರಹದ್ದು ದಾಟಿ ಸೋಲಾಪುರಕ್ಕೆ ಹೋಗಿದ್ದ. ಕಲ್ಯಾಣಪ್ಪ ಕಡಾಯಿಯನ್ನು ಮತ್ತೆ ಮನೆಯೊಳಗೆ ತರಗೊಡಲಿಲ್ಲ. ಆವತ್ತಿನಿಂದ ಊರಿನವರು ಅವನನ್ನು 'ಔಡಲೆಣ್ಣಿ ಕಲ್ಯಾಣಪ್ಪ' ಎಂದೇ ಕರೆದರು. ಅವನಿಗೆ ಅದು ಬಿರುದಿನಂತೆ ಇತ್ತು.

*

ಚೈನು ಒರೆಸಿ ನೆರಳಿನಲ್ಲಿ ತೂಗುಹಾಕುವಷ್ಟರಲ್ಲಿ ನಿಜಾಮುದ್ದೀನ ಬಂದ. ಗಾಡಿಗಳ ಗಾಲಿಗೆ ಪಟ್ಟಿ ಕಟ್ಟುವವನು, ಕಲ್ಯಾಣಪ್ಪನ ಜೊತೆಗಾರ. ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಬಟ್ಟೆ ಮುಚ್ಚಿದ ಡಬ್ಬಿ, ಇನ್ನೂ ಬಿಸಿಯಾಗಿತ್ತು.

ಗುರುಶಾಂತಮ್ಮ ಔಡಲೆಣ್ಣೆಯ ಬಟ್ಟಲು ಮುಂದೆ ಸರಿಸಿದಳು. ಅವನು ಅದನ್ನು ಮುಟ್ಟಲಿಲ್ಲ.

"ವೈನಿ, ಹೆಂಗ ಹೇಳಲಿ... ಅದು ಬ್ಯಾಡ್ರಿ."

"ಯಾಕ? ನಿಮ್ಮಣ್ಣ ಅದೇ ಅಲ್ಲೇನು ಹಚ್ಚತಿದ್ದುದು?"

ಅವನು ಡಬ್ಬಿಯ ಬಟ್ಟೆ ಸರಿಸಿದ. ಕೊಬ್ಬಿನ ಆ ವಾಸನೆಯನ್ನು ಅವಳು ಮರೆತಿರಲಿಲ್ಲ.

"ಚೈನು ಇಲ್ಲಿ ತೊಳದು, ಕೂಡಸಾಕ ಒಯ್ತೇನಿ ಅಂತ ನಿಮಗ ಹೇಳಿ ನಮ್ಮ ಅಂಗಳಕ್ಕ ತರತಿದ್ದ. ನಮ್ಮ ಮನಿಯಾಕಿ ಮೆಹರಾಜಬೇಗಂ ಇದನ್ನ ಬಿಸಿ ಮಾಡಿ ಕೊಡತಿದ್ಳು. ತಾನ ಕಣ್ಣು ಮುಚ್ಚಿ ಅದ್ದತಿದ್ದ. ಖರೇನ, ಕಣ್ಣು ಮುಚ್ಚತಿದ್ದ ವೈನಿ. 'ಮುಚ್ಚಿದ್ರ ಪಾಪ ಕಡಿಮಿ ಆಗ್ತದೇನು?' ಅಂತ ಇಕಿ ನಗತಿದ್ಳು. ಆಮ್ಯಾಲ ಬಾವಿಗಿ ಹೋಗಿ ಮೈ ತೊಳಕೊಂಡು ಮನೀಗಿ ಬರತಿದ್ದ."

ಗುರುಶಾಂತಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿದಳು. "ಯಾವಾಗಿಂದ?"

"ಲಡಾಯಿ ಸುರುವಾದ ವರ್ಷ ವಾಗ್ದರಿ ಇಳುಕಲದಾಗ ಚೈನು ಕಡದು ಬಿತ್ತು, ಆವಾಗಿಂದ. ಸಾವಕಾರ್ರಿಗೂ ಗೊತ್ತಿಲ್ಲ. ನಾವಿಬ್ಬರೇ ಇದ್ದಿವಿ. ನಾ ಕೊಂಡಿ ಹುಡಕ್ಲಾಕತ್ತಿದ್ರ ಅಣ್ಣ ಹಾದಿ ಮ್ಯಾಲೇ ಕುಂತ. 'ಸಣ್ಣಾಂವ ಹೇಳಿದ್ದು ಖರೇ ಆತು ನಿಜಾಮ' ಅಂದ. ಇಡೀ ಹಾದಿ ನೂಕ್ಕೋತ ಬಂದಿವಿ. ಯಾರ ಮುಂದೂ ಹೇಳಬ್ಯಾಡ್ರಿ ವೈನಿ, ನನಗ ಆಣಿ ಹಾಕಿದ್ದ."

ಅವಳಿಗೆ ಆ ವರ್ಷ ನೆನಪಾಯಿತು. ಎಷ್ಟು ಬೇಡಿಕೊಂಡರೂ ಬಗ್ಗದವನು ಒಂದು ದಿನ ರೊಟ್ಟಿ ಮುರಿಯುತ್ತ ತಾನಾಗಿಯೇ, "ಮಾಸ್ತರ ಕಡೆ ಅಂವಗೊಂದು ಕಾರ್ಡು ಬರಸು" ಎಂದಿದ್ದ. ಬರೆಸಿ, ಮಾಸ್ತರರಿಂದಲೇ ಓದಿಸಿ ಕೇಳಿಸಿದಾಗ ತಲೆಯಾಡಿಸಿದ್ದ. "ನಾಳಿ ನಾನೇ ಹಾಕ್ತೇನಿ" ಎಂದು ವಿಭೂತಿಯ ಗೂಡಿನಲ್ಲಿ ಇಟ್ಟ. ಆಮೇಲೆ ದಿನಾ ಬೆಳಿಗ್ಗೆ ಅದೇ ಗೂಡಿಗೆ ಕೈ ಹಾಕಿ ವಿಭೂತಿ ಹಚ್ಚಿಕೊಂಡ, ಕಾರ್ಡನ್ನು ಅಲ್ಲೇ ಬಿಟ್ಟ. ಕೇಳಿದರೆ "ನಾಳಿ." ಯಾಕೆ ಮನಸ್ಸು ಕರಗಿತು, ಕರಗಿದ್ದು ಯಾಕೆ ಹರಿಯಲಿಲ್ಲ ಎಂಬುದು ಅವಳಿಗೆ ತಿಳಿದಿರಲಿಲ್ಲ.

"ಅಯ್ಯನವರು ಕುಂದ್ರೂ ಗಾಡಿ ವೈನಿ," ಎಂದ ನಿಜಾಮುದ್ದೀನ ಮೆಲ್ಲಗೆ. "ಬ್ಯಾಡ ಅಂದ್ರ ಎಣ್ಣೀನೇ ಹಚ್ಚತೇನಿ."

ಗುರುಶಾಂತಮ್ಮ ಒಳಬಾಗಿಲ ಕಡೆ ನೋಡಿದಳು. ಭಜನೆಯ ತಾಳ ಕೇಳುತ್ತಿತ್ತು.

"ಅವರು ಹಚ್ಚತಿದ್ದುದೇ ಹಚ್ಚು."

*

ಅಯ್ಯನವರು ಮಧ್ಯಾಹ್ನಕ್ಕೇ ಬಂದರು. ವಿಧಿಯಂತೆ ಕಲ್ಯಾಣಪ್ಪನ ತಲೆಯ ಮೇಲೆ ಪಾದವಿಟ್ಟರು. ಕೂತ ಭಂಗಿಯಲ್ಲೇ ಊರವರು ಅವನನ್ನು ಹೊತ್ತೊಯ್ದು ಹೊಲದ ಬದುವಿನಲ್ಲಿ ಮಣ್ಣು ಕೊಟ್ಟರು. "ಔಡಲೆಣ್ಣಿ ಬಿಟ್ಟು ಬ್ಯಾರೆ ಮುಟ್ಟಲಿಲ್ಲ ಪುಣ್ಯಾತ್ಮ," ಎಂದರು ಹಿರಿಯರೊಬ್ಬರು ಬಿಲ್ವಪತ್ರೆ ಹಾಕುತ್ತ. ನಿಜಾಮುದ್ದೀನ ತಲೆ ತಗ್ಗಿಸಿದ. ಗುರುಶಾಂತಮ್ಮ, "ಹೌದ್ರಿ" ಎಂದಳು.

ಸಂಜೆ ಅಂಬಾರಾಯ ಸಾವಕಾರರು ಅಂಗಳಕ್ಕೆ ಬಂದರು. ವ್ಯಾಪಾರಕ್ಕೆ ಅಂದೇ ಸೋಲಾಪುರ ಮುಟ್ಟಬೇಕಿತ್ತು, ಹೇಳಿ ಹೋಗಲು ಬಂದಿದ್ದರು. ಗುರುಶಾಂತಮ್ಮ ನಡುವಿನಿಂದ ಕಾರ್ಡು ತೆಗೆದಳು.

"ಸಾವಕಾರ್ರ, ಅಲ್ಲಿಯ ಟಪಾಲ ಡಬ್ಬಿಗಿ ಇದೊಂದು ಹಾಕಿಬಿಡ್ರಿ."

"ಗುರುಶಾಂತಾ!" ಎಂದು ಸುಭದ್ರಾಬಾಯಿ ಎದ್ದು ನಿಂತಳು. "ಹಸಿ ಮಣ್ಣು ಇನ್ನಾ ಆರಿಲ್ಲ, ಅಂವನ ಮಾತು ಮುರೀತಿ?"

"ಮುರಿಯೂದಿಲ್ರಿ ಅಕ್ಕಾ. ಚೈನು ಕಡದು ಬಿದ್ದಾಗ ಬಾ ಅಂದಿದ್ರು. ಅದು ಕಡದು ಬಿದ್ದು ವರುಷಗಟ್ಟಲೆ ಆತು. ಕರೀಬೇಕಂತ ಅವರೇ ಬರಸ್ಯಾರ."

ಸುಭದ್ರಾಬಾಯಿ ನಿಜಾಮುದ್ದೀನನ ಮುಖ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಮೆಲ್ಲಗೆ ಕುಳಿತುಕೊಂಡಳು. "ದಿವಸದ ಕಾರ್ಯಕ್ಕರ ಮುಟ್ಟತಾನೇನು?" ಎಂದಳು.

ಸಾವಕಾರರು ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು. ಹುಬ್ಬು ಗಂಟಾಯಿತು.

"ಗುರುಶಾಂತಮ್ಮ, ಇದರಾಗ 'ನಿಮ್ಮಣ್ಣ ಕ್ಷೇಮದಿಂದಿದ್ದಾನೆ, ನಿನ್ನ ಹಾದಿ ಕಾಯುತ್ತಿದ್ದಾನೆ, ಬಾ' ಅಂತ ಅದ. ಬ್ಯಾರೆ ಬರೀಲೇನು?"

"ಬ್ಯಾಡ್ರಿ. ಅವರು ಕೇಳಿ ಹೂಂ ಅಂದದ್ದು ಅದಕ್ಕ. ಇಲ್ಲಿ ಕೊಡ್ರಿ ಒಂದೀಟು."

ಸಾವಿನ ಸುದ್ದಿ ಹೊತ್ತು ಹೋಗುವ ಕಾರ್ಡಿಗೆ ಮೂಲೆ ಇರುವುದಿಲ್ಲ. ಅಕ್ಷರ ಬಾರದವರಿಗೂ, ಓದುವ ಮೊದಲೇ, ಕೈಗೆ ತಗೊಂಡಾಗಲೇ ತಿಳಿಯಲಿ ಎಂದು ಹರಿದು ಕಳಿಸುವುದು ಆ ಕಡೆಯ ರೂಢಿ. ಗುರುಶಾಂತಮ್ಮ ಒಂದು ಅಕ್ಷರವೂ ಹೋಗದಂತೆ, ಉಗುರಿನಿಂದ ಗೀರಿ, ಕಾರ್ಡಿನ ಮೂಲೆಯನ್ನು ಹರಿದಳು. ಸಾವಕಾರರು ಅದನ್ನು ಜೇಬಿಗೆ ಹಾಕಿಕೊಂಡು ಫಟಫಟಿ ಒದ್ದರು.

ಸದ್ದು ಸುಂಕ ವಸೂಲಿಯ ಕರೋಡಗಿರಿ ನಾಕಾ ದಾಟಿ ಸರಹದ್ದಿನಾಚೆಗೆ ಸಣ್ಣದಾಗುವತನಕ ಅವಳು ಅಂಗಳದಲ್ಲೇ ನಿಂತಿದ್ದಳು. ಅಂಗೈಯಲ್ಲಿ ಆ ಮೂರು ಮೂಲೆಯ ಚೂರು. ಚೆಲ್ಲಲೂ ಆಗದೆ, ಇಡಲು ಜಾಗವೂ ತೋಚದೆ, ಮುಷ್ಟಿ ಮುಚ್ಚಿದಳು.