ಗೋಡೆಯ ಮೇಲಿನ ಮಿಲಿಟರಿ

ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದ ಪೂವಪ್ಪ ಸೈನ್ಯ ಸೇರಿ ಬರ್ಮಾದ ಯುದ್ಧಕ್ಕೆ ಹೋದ. ತಿರುಗಿ ಬಂದು ವಿಕ್ರೋಳಿ ಸ್ಟೇಷನ್ನಿನ ಹತ್ತಿರ ಸಸ್ಯಾಹಾರದ ಹೋಟೆಲು ಹಾಕಿದ. ೧೯೫೪ರಲ್ಲಿ ತೀರಿಕೊಂಡ. ಯುದ್ಧದಲ್ಲಿ ಅವನ ಕೈಯಲ್ಲಿದ್ದದ್ದು ಸೌಟು. ಹೆಂಡತಿ ಶೀಲಾವತಿ ಬರೆಸಿದ ಚಿತ್ರದಲ್ಲಿ ಮಾತ್ರ ಬಂದೂಕು. ಸೌಟು ಬರೆಯಲು ಚಿತ್ರಕಾರನಿಗೆ ನಾಚಿಕೆಯಾಯಿತಂತೆ. ಕೆಳಗೆ ದಪ್ಪ ಅಕ್ಷರದಲ್ಲಿ, ಜನ ಕರೆಯುತ್ತಿದ್ದ ಹಾಗೆಯೇ, 'ಮಿಲಿಟರಿ ಪೂವಪ್ಪ' ಎಂದಿತ್ತು.

ಗಲ್ಲಾದ ಮೇಲೆ ಗಣಪತಿಯ ಪಕ್ಕದಲ್ಲಿ ಅವನನ್ನು ತೂಗುಹಾಕಿದರು. ಗಣಪತಿ ಅಭಯ ಕೊಡುತ್ತಿದ್ದ, ಇವನು ಇಡ್ಲಿ ತಿನ್ನುವವರ ಕಡೆಗೆ ಬಂದೂಕು ಹಿಡಿದಿದ್ದ. ಶೀಲಾವತಿ ಬೆಳಿಗ್ಗೆ ಇಬ್ಬರಿಗೂ ಗೊಂಡೆಹೂವಿನ ಮಾಲೆ ಹಾಕುತ್ತಿದ್ದಳು. ಒಂದು ದಿನ ಮಾಲೆ ಬಲಕ್ಕೆ ಓರೆಯಾಗಿ ಜಾರಿ 'ಪೂವಪ್ಪ'ನನ್ನು ಮುಚ್ಚಿತು. ಉಳಿದದ್ದು 'ಮಿಲಿಟರಿ'.

ಮಿಲಿಟರಿ ಹೋಟೆಲೆಂದರೆ ಕುರಿ ಕೋಳಿ ಬೇಯುವ ಜಾಗವೆಂದು ಯಾವ ಕನ್ನಡಿಗನಿಗೆ ಗೊತ್ತಿಲ್ಲ? ದಿನಾ ತನ್ನ ಕಡೆಯವರನ್ನು ಕರೆತರುತ್ತಿದ್ದ ಧಾರವಾಡದ ಜವಳಿ ವ್ಯಾಪಾರಿ ಶಿವಪುತ್ರಪ್ಪ, ಹಣೆತುಂಬ ವಿಭೂತಿಯೊಂದಿಗೆ ಬಾಗಿಲಲ್ಲೇ ನಿಂತ.

"ಏನ್ರೀ ಕೊರಗಪ್ಪ, ಇದು ಮಿಲಿಟರಿ ಹೋಟೆಲ್ ಯಾವಾಗ ಆತು?"

ಗಲ್ಲಾದಲ್ಲಿದ್ದ ಕೊರಗಪ್ಪ ಶೀಲಾವತಿಯ ತಮ್ಮ. "ಅದು ನಮ್ಮ ಭಾವನ ಹೆಸರು ಮಾರಾಯ್ರೆ."

"ನಿನ್ನೆ ಸಾಂಬಾರದಾಗ ಏನಿತ್ತಂತ ಹೇಳಬ್ಯಾಡ್ರಿ. ತಿಳೀದಿದ್ರ ಪುಣ್ಯ."

ಅವನು ಹೋದ, ಹಿಂದೆ ಅವನ ಕಡೆಯವರೂ ಹೋದರು. ಮಧ್ಯಾಹ್ನ ಕಾರ್ಖಾನೆಯವರಿಬ್ಬರು ಬಂದು ಖೀಮಾ ಕೇಳಿದರು.

"ಅಕ್ಕ, ಭಾವನನ್ನು ಮನೆಗೆ ಕರಕೊಂಡು ಹೋಗು," ಎಂದ ಕೊರಗಪ್ಪ. "ಬದುಕಿದ್ದಾಗ ಗಿರಾಕಿ ಕರೆದವರು ಸತ್ತ ಮೇಲೆ ಓಡಿಸುತ್ತಿದ್ದಾರೆ."

"ಅವರು ಹಾಕಿದ ಹೋಟೆಲು. ಅವರು ಗೋಡೆಯಿಂದ ಇಳಿದರೆ ನಾಳೆಯಿಂದ ಚಟ್ನಿ ನೀನೇ ಅರೆದುಕೋ."

ಚಟ್ನಿಗೆ ಹೆದರಿ ಕೊರಗಪ್ಪ ಮಾಲೆ ಮೇಲೆ ಸರಿಸಿ, ಚಿತ್ರಕಾರನನ್ನು ಕರೆಸಿ ಹೆಸರಿನಡಿಗೆ ಇನ್ನೊಂದು ಸಾಲು ಬರೆಸಿದ: 'ಶುದ್ಧ ಸಸ್ಯಾಹಾರಿ'.

ಶಿವಪುತ್ರಪ್ಪ ಮರಳಿ ಬಂದು ಓದಿ ಕೈಮುಗಿದ. "ಯುದ್ಧಕ್ಕ ಹೋಗಿಯೂ ಮಾಂಸ ಮುಟ್ಟಲಿಲ್ಲ ನೋಡ್ರಿ. ಎಂಥಾ ಶರಣ."

ಅಂದಿನಿಂದ ಅವನು ಪುರಾಣ ಓದುವವರ ಹಾಗೆ ರಾಗವೆಳೆದು ದಿನಕ್ಕೊಂದು ಅಧ್ಯಾಯ ಸೇರಿಸಿದ. ಪೂವಪ್ಪ ಬರ್ಮಾದ ಕಾಡಿನಲ್ಲಿ ಗೆಣಸು ತಿಂದ. ಆಮೇಲೆ ಎಲೆ ತಿಂದ. ಶ್ರಾವಣ ಬರುವ ಹೊತ್ತಿಗೆ ಬರೀ ಗಾಳಿ. ಕೇಳಿದವರು ಚಿತ್ರಕ್ಕೆ ಊದುಬತ್ತಿ ಹಚ್ಚತೊಡಗಿದರು.

ಒಳಗೆ ಶೀಲಾವತಿಗೆ ಹೊಟ್ಟೆ ಉರಿಯುತ್ತಿತ್ತು. ಬಂಗುಡೆ ಮೀನಿಲ್ಲದ ದಿನ ಅನ್ನದೊಡನೆ ಜಗಳವಾಡುತ್ತಿದ್ದ ಮನುಷ್ಯ ಅವನು. "ಗೋಡೆಯ ಮೇಲಿರುವುದು ಯಾರೋ ಸ್ವಾಮಿಗಳು," ಎಂದಳು ತಮ್ಮನಿಗೆ. "ನನ್ನ ಗಂಡ ಎಲ್ಲಿ?"

ಗಂಡ ತೀರಿ ವರ್ಷ ತುಂಬಿದ ದಿನ ಹೋಟೆಲು ಮುಚ್ಚಿಸಿದಳು. ತೀರಿಕೊಂಡವರಿಗೆ ಬಡಿಸುವ ಅಗೆಲಿಗಾಗಿ ಚಿತ್ರದ ಮುಂದೆ ಬಾಳೆಯೆಲೆ ಹಾಸಿ ಕೋಳಿಸಾರು, ಹುರಿದ ಬಂಗುಡೆ ಇಟ್ಟಳು. ಕಳ್ಳೂ ಬೇಕಿತ್ತು, ಆದರೆ ಮುಂಬಯಿಯ ಪಾನನಿಷೇಧದಲ್ಲಿ ಸತ್ತವರಿಗೆ ಪರ್ಮಿಟ್ ಇಲ್ಲ. ಸೋಡಾ ಇಟ್ಟಳು.

"ಭಾವ ಮುಟ್ಟುತ್ತಾರಾ ಅಕ್ಕ? ಸಸ್ಯಾಹಾರಿ ಅಂತ ಬರೆದುಂಟಲ್ಲ."

ಶೀಲಾವತಿ ಮಾಲೆ ಬಿಚ್ಚಿ ಕೊನೆಯ ಸಾಲಿಗೆ ಅಡ್ಡಲಾಗಿ ಕಟ್ಟಿದಳು. 'ಮಿಲಿಟರಿ ಪೂವಪ್ಪ' ಮಾತ್ರ ಉಳಿದ. "ಹೂಂ, ಈಗ ಊಟ ಮಾಡಿ," ಎಂದಳು ಗಂಡನಿಗೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಶಿವಪುತ್ರಪ್ಪನ ದನಿ. "ಬಾಗಿಲ ಯಾಕ ಹಾಕೀರಿ? ಘಮಘಮ ಅನ್ನಾಕತ್ತೈತಿ."

ಕೊರಗಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಭಾವನಿಗೆ ನೈವೇದ್ಯ ಮಾರಾಯ್ರೆ."

"ಹಂಗಾದ್ರ ನನಗ ಒಂದೀಟು ಪ್ರಸಾದ ಇಡ್ರಿ."

"ಉಳಿಯುವುದಿಲ್ಲ ಸಾಹುಕಾರರೆ," ಎಂದಳು ಶೀಲಾವತಿ, ಎಲೆಗೆ ಇನ್ನೊಂದು ಬಂಗುಡೆ ಬಡಿಸುತ್ತ. "ತಿಂಗಳುಗಟ್ಟಲೆ ನೀವು ಅವರನ್ನು ಉಪವಾಸ ಕೆಡವಿದ್ದೀರಿ."